ಎರಡನೇ ತಟ್ಟು

ಬೇಡಿ ಬಿಚ್ಚದೆ ಬೇರೆ ದಾರಿಯಿರಲಿಲ್ಲ. ಟೆಂಟಿನ ಹಗ್ಗಗಳೆಲ್ಲ ರಾತ್ರಿಯ ಹಿಮಕ್ಕೆ ಸೆಟೆದು ಕೂತಿದ್ದವು. ಆ ಗಂಟುಗಳನ್ನು ಬಿಡಿಸಲು ಬರುತ್ತಿದ್ದದ್ದು ಅಲ್ಲಿದ್ದ ಆರು ಜನರಲ್ಲಿ ಇಬ್ಬರಿಗೆ, ಆರೋಪಿಗೆ ಮತ್ತು ಆರೋಪಿಯ ಮಗಳಿಗೆ. ಮಗಳು ಗ್ಯಾಸ್ ಒಲೆಯ ಮುಂದೆ ಕೂತು ಚಹಾಕ್ಕೆ ನೀರಿಟ್ಟಿದ್ದಳು.

"ಬಿಚ್ಚಯ್ಯ ಆ ಬೇಡೀನ," ಎಂದು ಇನ್ಸ್‌ಪೆಕ್ಟರ್ ಕಾನ್‌ಸ್ಟೇಬಲ್‌ಗೆ ಹೇಳಿದ. "ಓಡಿಹೋದ್ರೆ ಎಲ್ಲಿಗೆ ಹೋಗ್ತಾನೆ? ಇಲ್ಲಿಂದ ಇಳಿಯೋ ದಾರಿ ಸರಿಯಾಗಿ ಗೊತ್ತಿರೋದೇ ಅವನಿಗೆ."

ಹೇಳಿದ ಮೇಲೆ ಆ ಮಾತಿನ ಇನ್ನೊಂದು ಮುಖ ಅವನಿಗೇ ಹೊಳೆದಿರಬೇಕು. ಮೀಸೆ ಸವರಿಕೊಂಡು ಸರೋವರದ ಕಡೆ ತಿರುಗಿದ.

ಗೈಡ್‌ಗೆ ಎಲ್ಲರೂ ಇಟ್ಟ ಹೆಸರು ಗಡಿಯಾರ. ಮೂವತ್ತೊಂದು ವರ್ಷ ಜನರನ್ನು ಈ ಸರೋವರಕ್ಕೆ ಹತ್ತಿಸಿ, ಒಂದು ರಾತ್ರಿ ಟೆಂಟಿನಲ್ಲಿ ಮಲಗಿಸಿ, ಹೇಳಿದ ಹೊತ್ತಿಗೆ ಸರಿಯಾಗಿ ಇಳಿಸಿದವನು. ಹನ್ನೆರಡು ದಿನದ ಹಿಂದೆ ಮೊದಲ ಸಲ ತಪ್ಪಿದ. ಹತ್ತಿದ ಅತಿಥಿಗಳು ಇಬ್ಬರು, ಒಬ್ಬ ಗುತ್ತಿಗೆದಾರ ಮತ್ತು ಅವನ ತಂಗಿಯ ಗಂಡ ದಂತವೈದ್ಯ. ಕೆಳಗಿನ ತಂಗುಮನೆಗೆ ಇಳಿದವನು ಗುತ್ತಿಗೆದಾರನೊಬ್ಬನೇ. ದಂತವೈದ್ಯ ಮಾರನೆಯ ದಿನ ಹುಡುಕುವ ತಂಡದವರಿಗೆ ಸಿಕ್ಕಿದ, ಆಚೆ ದಡದ ಹೆಮ್ಮರದ ಬುಡಕ್ಕೆ ಒರಗಿ ಕೂತ ಹಾಗೆ, ಕಣಕಾಲು ಮುರಿದು, ಚಳಿಗೆ ಸತ್ತು.

ನಾಳೆ ಗಡಿಯಾರನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ನಂಬಿ ಬಂದವನನ್ನು ಸಾಯಲು ಬಿಟ್ಟು ಬಂದ ಎಂಬ ಆರೋಪ. ಅದಕ್ಕೆ ಮುಂಚೆ ಸ್ಥಳದ ಮಹಜರು ಆಗಬೇಕು ಎಂದು ಇನ್ಸ್‌ಪೆಕ್ಟರ್ ನಮ್ಮನ್ನೆಲ್ಲ ಇಲ್ಲಿಗೆ ಕರೆತಂದಿದ್ದ. ಕರೆತಂದ ಅನ್ನುವುದೂ ಸುಳ್ಳೇ. ಮುಂದೆ ನಡೆದು ಎಲ್ಲರನ್ನೂ ಕರೆತಂದವನು ಬೇಡಿ ಹಾಕಿಸಿಕೊಂಡ ಗಡಿಯಾರ.

ನನ್ನನ್ನು ಈ ಕೇಸಿಗೆ ಎಳೆದವಳು ಅವನ ಮಗಳು. "ಅಪ್ಪನ್ನ ಉಳಿಸಿ ಮೇಡಂ" ಎಂದು ಬಂದಿದ್ದಳು. ನಾನು ಪೊಲೀಸ್ ಕೆಲಸ ಬಿಟ್ಟು ಆರು ವರ್ಷವಾಗಿದೆ. ಈ ಇನ್ಸ್‌ಪೆಕ್ಟರ್ ನನ್ನ ಕೈಕೆಳಗೆ ಕೆಲಸ ಕಲಿತವನು. ಇವತ್ತಿಗೂ ಮೇಡಂ ಅನ್ನುತ್ತಾನೆ, ಆದರೆ ಆ ಮೇಡಂನಲ್ಲಿ ಈಗ ಗೌರವಕ್ಕಿಂತ ಕನಿಕರವೇ ಹೆಚ್ಚು. ತಪ್ಪೊಪ್ಪಿಗೆ ಬರೆಸುವುದರಲ್ಲಿ ನನ್ನಷ್ಟು ಪಳಗಿದವರು ಠಾಣೆಯಲ್ಲಿ ಇರಲಿಲ್ಲ. ಒಬ್ಬ ಬಣ್ಣ ಬಳಿಯುವವನಿಂದ ಎರಡೇ ಗಂಟೆಯಲ್ಲಿ ಬರೆಸಿದ್ದೆ. ನಿಜವಾದ ಕಳ್ಳ ಸಿಗುವ ಹೊತ್ತಿಗೆ ಅವನು ಜೈಲಿನಲ್ಲೇ ತೀರಿಕೊಂಡಿದ್ದ. ಅದಾದ ಮೇಲೆ ಯಾರು ತಾನಾಗಿ ತಪ್ಪು ಒಪ್ಪಿಕೊಂಡರೂ ನನಗೆ ನಂಬಿಕೆ ಬರುವುದಿಲ್ಲ.

ಕೇಸು ನಿಂತಿದ್ದದ್ದು ಒಂದು ಅಂಕಿಯ ಮೇಲೆ.

ಗಡಿಯಾರನ ಕ್ರಮ ಹೀಗೆ. ಮಂಜು ಕವಿದಾಗ ಅವನು ಪ್ರತಿ ತಿರುವಿನಲ್ಲೂ ಕೈ ಎತ್ತುತ್ತಾನೆ. ಹಿಂದಿರುವ ಅತಿಥಿಗಳು ಸಾಲಾಗಿ ತಮ್ಮ ಅಂಕಿ ಕೂಗಬೇಕು. ಆ ದಿನ ಗುತ್ತಿಗೆದಾರ ಒಂದು, ಕೊನೆಯಲ್ಲಿ ಫೋಟೊ ತೆಗೆಯುತ್ತ ಬರುತ್ತಿದ್ದ ದಂತವೈದ್ಯ ಎರಡು.

"ಒಂದು ಅಂದೆ. ಹಿಂದಿನಿಂದ ಎರಡು ಬರಲೇ ಇಲ್ಲ. ನಿಲ್ಸಿ ನಿಲ್ಸಿ ಅಂತ ಗಂಟಲು ಹರಿಯೋ ಹಾಗೆ ಕೂಗಿದೆ. ಅವನು ನಡೀತಾನೇ ಹೋದ. ನಾನು ನಿಂತ್ರೆ ನಾನೂ ಮಂಜಲ್ಲಿ ಉಳಿದುಹೋಗ್ತಿದ್ದೆ," ಎಂದು ಗುತ್ತಿಗೆದಾರ ಹೇಳಿಕೆ ಕೊಟ್ಟಿದ್ದ.

"ಎರಡೂ ಅಂಕಿ ಬಂತು. ಬರದೇ ಇದ್ರೆ ನಾನು ಹೆಜ್ಜೆ ಇಡ್ತಿರಲಿಲ್ಲ," ಎಂದು ಗಡಿಯಾರ ಹೇಳಿದ್ದ. ಅವನ ಬೆನ್ನ ಹಿಂದೆಯೇ ನಡೆಯುತ್ತಿದ್ದ ಮಗಳೂ ಎರಡೂ ಕೇಳಿಸಿತು ಅಂದಿದ್ದಳು.

ನಾನು ಗುತ್ತಿಗೆದಾರನೇ ಸುಳ್ಳ ಎಂದು ಒಂದು ವಾರ ನಂಬಿದ್ದೆ. ತಂಗಿಯನ್ನು ಹನ್ನೊಂದು ವರ್ಷ ಅಳಿಸಿದ ಆ ದಂತವೈದ್ಯನ ಬಗ್ಗೆ ಅವನಿಗೆ ಎಳ್ಳಷ್ಟೂ ಪ್ರೀತಿ ಇರಲಿಲ್ಲ, ಅದನ್ನು ಮುಚ್ಚಿಡುವ ಗೋಜಿಗೂ ಅವನು ಹೋಗಿರಲಿಲ್ಲ. "ಸಾಯ್ಲಿ ಅಂತ ನೂರು ಸಲ ಅಂದ್ಕೊಂಡಿದೀನಿ. ಅಂದ್ಕೊಂಡ್ರೆ ಯಾರಾದ್ರೂ ಸಾಯ್ತಾರಾ?" ಎಂದು ನನ್ನನ್ನೇ ಕೇಳಿದ್ದ.

ನಿನ್ನೆ ಮಂಜಿನಲ್ಲಿ ಹತ್ತುವಾಗ ನನ್ನ ನಂಬಿಕೆ ಅಲುಗಾಡಿತು.

ಕೊನೆಯಲ್ಲಿದ್ದ ಕಾನ್‌ಸ್ಟೇಬಲ್ ಏದುಸಿರು ಬಿಡುತ್ತ ಒಂದು ತಿರುವಿನಷ್ಟು ಹಿಂದೆ ಬಿದ್ದ. ಇನ್ಸ್‌ಪೆಕ್ಟರ್ "ಏಯ್, ನಿಲ್ಲೋ!" ಎಂದು ಎರಡು ಸಲ ಅರಚಿದ. ಗಡಿಯಾರ ನಿಲ್ಲಲಿಲ್ಲ. ಸೊಕ್ಕು ಅಂದುಕೊಂಡೆ. ತಿರುವು ಬಂತು, ಅವನು ಕೈ ಎತ್ತಿದ, ನಾವು ಕೂಗಿದೆವು. ಮಗಳು ತನ್ನ ಕೋಲಿನಿಂದ ಅವನ ಬೆನ್ನುಚೀಲದ ಮೇಲೆ ಮೆಲ್ಲಗೆ ಮೂರು ಸಲ ತಟ್ಟಿದಳು. ನಾಲ್ಕನೆಯದು ಬೀಳಲಿಲ್ಲ. ಗಡಿಯಾರ ಕಲ್ಲಿನ ಹಾಗೆ ನಿಂತುಬಿಟ್ಟ, ತಿರುಗಿಯೂ ನೋಡದೆ.

ಹತ್ತುವ ದಾರಿಯುದ್ದಕ್ಕೂ ಆ ತಟ್ಟುವಿಕೆಯನ್ನು ನೋಡಿದ್ದೆ. ಅಪ್ಪ ಮಗಳ ಸಲಿಗೆ ಅಂದುಕೊಂಡು ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದೆ ಕೂಡ.

ಈಗ ಬೆಳಗಿನ ಎಂಟು ಗಂಟೆ. ಬಿದ್ದ ಮರದ ಮೇಲೆ ಇನ್ನೊಂದು ಮರ ಬೆಳೆದು ಅದೂ ಮುದಿಯಾದ ಕಾಡು ಇದು. ನೀರಿನಂಚಿನವರೆಗೂ ಪಾಚಿ. ಆಚೆ ದಡದ ಹೆಮ್ಮರ ಇಲ್ಲಿಂದ ಕೂಗಳತೆಯಲ್ಲಿ ಕಾಣುತ್ತದೆ, ಆದರೆ ನೇರ ಹೊರಟರೆ ಪಾಚಿಯ ಕೆಳಗೆ ಜೌಗು. ಅರ್ಧ ಗಂಟೆ ಮುಂಚೆ ಮರದ ಬುಡ ನೋಡಲು ಹೋದಾಗ ನಾನು ಮೊಣಕಾಲಿನವರೆಗೆ ಹೂತಿದ್ದೆ. ಇನ್ಸ್‌ಪೆಕ್ಟರ್ ಎರಡೂ ಕಾಲು ಹೂತುಕೊಂಡು ಮರಕ್ಕೂ ಅದರ ಪೂರ್ವಜರಿಗೂ ಬೈದಿದ್ದ. ನಮಗಿಂತ ಮೊದಲೇ ಮರದ ಹತ್ತಿರ ನಿಂತಿದ್ದ ಗುತ್ತಿಗೆದಾರನ ಶೂ ಮಾತ್ರ ಒಣಗಿದ್ದವು. ಕೆಲವರ ಹಣೆಬರಹವೇ ಹಾಗೆ, ಎಲ್ಲಿ ನಡೆದರೂ ಕೆಸರು ಅಂಟುವುದಿಲ್ಲ ಎಂದು ಉರಿದುಕೊಂಡು ನನ್ನ ಶೂ ಒರೆಸಿಕೊಂಡಿದ್ದೆ.

ಈಗ ಇನ್ಸ್‌ಪೆಕ್ಟರ್ ಮತ್ತು ಕಾನ್‌ಸ್ಟೇಬಲ್ ಟೇಪು ಹಿಡಿದು ಮತ್ತೆ ಆ ಮರದ ಹತ್ತಿರವೇ ಇದ್ದರು. ಗುತ್ತಿಗೆದಾರ ನನ್ನ ಪಕ್ಕ ಬಂಡೆಯ ಮೇಲೆ ಕೂತಿದ್ದ. ಮಗಳು ಒಲೆಯ ಹತ್ತಿರ, ನೀರಿಗೆ ನಾಲ್ಕು ಹೆಜ್ಜೆ. ಗಡಿಯಾರ ನಮಗೆ ಬೆನ್ನು ಹಾಕಿ ಮೊಣಕಾಲೂರಿ ಹಗ್ಗದ ಗಂಟಿನ ಜೊತೆ ಗುದ್ದಾಡುತ್ತಿದ್ದ.

ನಾನು ಹೋಗಿ ಅವನ ಬೆನ್ನ ಹಿಂದೆ ಒಂದು ಮೊಳ ದೂರದಲ್ಲಿ ನಿಂತೆ.

"ಅಯ್ಯೋ! ನಿಮ್ಮ ಮಗಳು ನೀರಿಗೆ ಬಿದ್ಲು!"

ಗುತ್ತಿಗೆದಾರ ಚಂಗನೆ ಎದ್ದ. ಮಗಳ ಕೈಯಿಂದ ಲೋಟ ಬಿತ್ತು. ಗಡಿಯಾರ ಗಂಟನ್ನು ಬಾಯಿಯ ಹತ್ತಿರ ತಂದು ಬಿಸಿಯುಸಿರು ಊದಿ ಮತ್ತೆ ಉಗುರಿನಿಂದ ಕೆದಕತೊಡಗಿದ.

ಒಬ್ಬ ತಂದೆಯ ಮೇಲೆ ಮಾಡಬಾರದ ಪರೀಕ್ಷೆ ಅದು. ಮಾಡಿಬಿಟ್ಟಿದ್ದೆ, ಈಗ ನಾಚಿಕೆಪಟ್ಟು ಪ್ರಯೋಜನವಿರಲಿಲ್ಲ.

"ಕಿವುಡ!" ಗುತ್ತಿಗೆದಾರ ಹೆಚ್ಚುಕಡಿಮೆ ಕುಣಿದ. "ಕೂಗಿದೆ ಅಂತ ಹೇಳಿದ್ದೆ ತಾನೇ? ಹನ್ನೆರಡು ದಿನ ನನ್ನನ್ನ ಕಳ್ಳನ ಥರ ನೋಡಿದ್ರಲ್ಲ! ಇರಿ, ಇನ್ಸ್‌ಪೆಕ್ಟರಿಗೆ ಹೇಳ್ತೀನಿ."

ಅವನು ಮರಗಳ ನಡುವೆ ಓಡಿದ. ನನಗೆ ಸಿಕ್ಕಿದ್ದು ಹತ್ತು ನಿಮಿಷ. ಸುತ್ತಿ ಹೋಗಿ ಗಡಿಯಾರನ ಎದುರಿಗೆ, ಅವನಿಗೆ ನನ್ನ ತುಟಿ ಕಾಣುವ ಹಾಗೆ ಕೂತೆ.

"ಕಿವಿ ಹೋಗಿ ಎಷ್ಟು ದಿನ ಆಯ್ತು?"

ಅವನ ಬೆರಳು ನಿಂತವು. ಮೊದಲು ಮಗಳ ಕಡೆ ನೋಡಿದ, ಆಮೇಲೆ ನನ್ನ ಕಡೆ.

"ಐದಾರು ವರ್ಷ. ಮೊದಲು ಹಕ್ಕಿ ಹೋದ್ವು. ಆಮೇಲೆ ನೀರಿನ ಸದ್ದು. ಕೊನೇಲಿ ಮನುಷ್ಯರು. ಮನುಷ್ಯರು ಹೋಗಿದ್ದಕ್ಕೆ ಅಷ್ಟೇನೂ ಬೇಜಾರಾಗ್ಲಿಲ್ಲ."

"ಲೈಸೆನ್ಸ್ ಆಫೀಸಲ್ಲಿ ಯಾರಿಗೂ ಗೊತ್ತಾಗ್ಲಿಲ್ವಾ?"

"ವರ್ಷಕ್ಕೊಂದು ಸಲ ಕಣ್ಣು ನೋಡ್ತಾರೆ, ಮೊಣಕಾಲು ನೋಡ್ತಾರೆ. ಎದುರಿಗೆ ನಿಂತು ಮಾತಾಡಿದ್ರೆ ನಂಗೆ ಎಲ್ಲಾ ತಿಳಿಯುತ್ತೆ. ನಿಮ್ಮ ಇನ್ಸ್‌ಪೆಕ್ಟರದ್ದೇ ಕಷ್ಟ, ಆ ಮೀಸೆ ಒಳಗೆ ಏನು ಹೇಳ್ತಾರೋ ದೇವರಿಗೇ ಗೊತ್ತು. ಠಾಣೇಲಿ ಎರಡೆರಡು ಸಲ ಕೇಳಿಸಿದ್ದಕ್ಕೆ ಏಟು ಬಿತ್ತು."

ನಗು ಬರಬೇಕಿತ್ತು, ಬರಲಿಲ್ಲ.

"ದಂತವೈದ್ಯರಿಗೆ ಗೊತ್ತಾಯ್ತಾ?"

"ಹಲ್ಲಿನ ಡಾಕ್ಟರಿಗೆ ಕಿವಿ ಉಸಾಬರಿ ಯಾಕೆ ಬೇಕಿತ್ತು ಹೇಳಿ. ಸಾಯೋ ಹಿಂದಿನ ಸಂಜೆ, ಇದೇ ಜಾಗದಲ್ಲಿ, ನನ್ನ ಬೆನ್ನ ಹಿಂದೆ ಚಪ್ಪಾಳೆ ತಟ್ಟಿದ್ರಂತೆ. ನಾನು ತಿರುಗಲಿಲ್ಲ. ಎದುರಿಗೆ ಬಂದು ನಕ್ಕರು. ಇಂಥವನ ಕೈಗೆ ಜನರ ಪ್ರಾಣ ಕೊಟ್ಟಿದಾರಾ, ಇಳಿದ ತಕ್ಷಣ ಆಫೀಸಿಗೆ ಕಾಗದ ಹಾಕ್ತೀನಿ ಅಂದ್ರು." ಮತ್ತೆ ಗಂಟಿಗೆ ಕೈ ಹಾಕಿ, "ಅವರು ಅಂದಿದ್ದು ತಪ್ಪೇನಲ್ಲ," ಎಂದ.

ನನಗೆ ಉತ್ಸಾಹ ಬಂತು. ಅದೇ ನನ್ನ ಶನಿ.

"ನೋಡಿ, ಇದರಿಂದ ನೀವು ಉಳೀತೀರಿ. ಲೈಸೆನ್ಸ್ ಹೋಗುತ್ತೆ, ಜೈಲು ತಪ್ಪುತ್ತೆ. ಗುತ್ತಿಗೆದಾರ ಕೂಗಿದ್ದು ನಿಜ, ನಿಮಗೆ ಕೇಳಿಸದೇ ಇದ್ದದ್ದೂ ನಿಜ. ಈ ಎಣಿಕೇಲಿ ಎಲ್ಲರೂ ತಮ್ಮ ಅಂಕಿ ಹೇಳಿ ಸುಮ್ಮನಾಗ್ತಾರೆ. ಮುಂದಿಂದು ಬಂತೋ ಇಲ್ವೋ ಅಂತ ಕೇಳಿಸ್ಕೊಳ್ಳೋ ಕೆಲಸ ನಿಮ್ಮದು. ನಿಮಗೋ ಬೆನ್ನ ಮೇಲಿನ ತಟ್ಟೇ ಆಧಾರ. ಎರಡು ತಟ್ಟು ಬಿತ್ತು, ನೀವು ನಡೆದ್ರಿ..."

ಅಲ್ಲಿಗೆ ನನ್ನ ಬಾಯಿ ಕಟ್ಟಿತು. ಎರಡು ತಟ್ಟು ಬಿದ್ದಿದ್ದರೆ ತಟ್ಟಿದ ಕೈ ಯಾವುದು ಎಂದು ಹೇಳಲು ಪತ್ತೇದಾರಿಣಿಯೇ ಬೇಕಿರಲಿಲ್ಲ. ಅಂಕಿ ಬರಲಿಲ್ಲ ಎಂದು ಗೊತ್ತಿದ್ದೂ ಎರಡನೇ ಸಲ ತಟ್ಟಿದ ಕೈ ಈಗ ಒಲೆಯ ಹತ್ತಿರ ಬಿದ್ದ ಲೋಟ ಎತ್ತಿಕೊಳ್ಳುತ್ತಿತ್ತು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಿದ್ದೆ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಗಡಿಯಾರ ನನ್ನ ತುಟಿಯನ್ನೇ ನೋಡುತ್ತಿದ್ದ. ಅದು ಅಲ್ಲಾಡುವುದನ್ನು ನಿಲ್ಲಿಸಿದ್ದು ಯಾಕೆ ಎಂದು ನನಗಿಂತ ಹನ್ನೆರಡು ದಿನ ಮುಂಚೆಯೇ ಅವನಿಗೆ ಗೊತ್ತಿತ್ತು.

"ಒಂದೇ ತಟ್ಟು ಬಿದ್ದಿದ್ದು," ಎಂದ.

"ಏನಂದ್ರಿ?"

"ಮಗಳು ಒಂದೇ ಸಲ ತಟ್ಟಿದ್ಲು. ಹಿಂದೆ ಒಬ್ಬರು ಕಮ್ಮಿ ಅಂತ ನಂಗೆ ತಿಳೀತು. ತಿಳಿದೇ ನಡೆದೆ. ಕಾಗದ ಬರೆಯೋ ಕೈ ಅಲ್ಲೇ ಇರ್ಲಿ ಅಂತ ನಡೆದೆ. ಬರ್ಕೊಳ್ಳಿ ಮೇಡಂ."

"ಇಷ್ಟು ದಿನ ಎರಡೂ ಬಂತು ಅಂತಿದ್ರಲ್ಲ?"

"ಕಿವಿ ವಿಷಯ ಮುಚ್ಚಿಡೋಕೆ ಹೇಳಿದೆ. ಈಗ ಅದು ಹೊರಗೆ ಬಂತಲ್ಲ. ಇನ್ನು ನಿಜ ಹೇಳೋಕೇನು?"

ಮೂವತ್ತೊಂದು ವರ್ಷ ಕಾಲಿಟ್ಟ ಪ್ರತಿ ಕಲ್ಲನ್ನೂ ತೂಗಿ ನೋಡಿದ ಮನುಷ್ಯ. ಈ ಸುಳ್ಳನ್ನೂ ಹಾಗೇ ತೂಗಿ ಇಟ್ಟಿದ್ದ. ನಾನು ಜೇಬಿನಲ್ಲಿದ್ದ ಕೊನೆಯ ಅಸ್ತ್ರ ತೆಗೆದೆ.

"ಹೆಣದ ಪಕ್ಕ ನೀರಿನ ಬಾಟಲಿ ಇತ್ತು. ಎರಡು ಕಲ್ಲಿನ ನಡುವೆ, ತಲೆಕೆಳಗಾಗಿ. ಪೊಲೀಸರು ಬಿದ್ದಿತ್ತು ಅಂತ ಬರೆದಿದಾರೆ. ಅದು ಬಿದ್ದಿದ್ದಲ್ಲ, ಇಟ್ಟಿದ್ದು. ನೀರು ಮೇಲಿಂದ ಹೆಪ್ಪುಗಟ್ಟುತ್ತೆ, ತಲೆಕೆಳಗೆ ಇಟ್ರೆ ಬಾಯಿ ಮುಚ್ಚೋದಿಲ್ಲ ಅಂತ ನಿನ್ನೆ ಸಂಜೆ ನೀವೇ ನಮಗೆ ಹೇಳಿಕೊಟ್ರಿ. ಸಾಯೋಕೆ ಮುಂಚೆ ಯಾರೋ ಅವರ ಹತ್ತಿರ ಹೋಗಿದ್ರು. ಯಾರು?"

ಇದು ಅವನಿಗೆ ಗೊತ್ತಿರಲಿಲ್ಲ. ಕಣ್ಣು ತಾನಾಗಿ ಮಗಳ ಕಡೆ ಹೋಯಿತು, ಅಷ್ಟೇ ಬೇಗ ವಾಪಸ್ ಬಂತು.

"ನಾನೇ. ಸಂಜೆ ಹುಡುಕೋಕೆ ಹೋದಾಗ ಸಿಕ್ರು. ನೀರಿಟ್ಟು ಬಿಟ್ಟು ಬಂದೆ."

"ಯಾವ ಬಾಟಲಿ?"

"ಅವರದ್ದೇ. ನೀಲಿ ಬಾಟಲಿ."

ನಾನು ಪೊಲೀಸ್ ಫೋಟೊ ಬಿಡಿಸಿ ಅವನ ಮೊಣಕಾಲ ಮೇಲಿಟ್ಟೆ. ಪಾಚಿಯ ನಡುವೆ ಇದ್ದದ್ದು ಸ್ಟೀಲ್ ಬಾಟಲಿ, ಹೊಟ್ಟೆಯಲ್ಲಿ ತಗ್ಗಿದ್ದದ್ದು, ಕುತ್ತಿಗೆಗೆ ಕೆಂಪು ದಾರ. ಅದರ ಜೋಡಿ ಈಗಲೂ ಅವನ ಮಗಳ ಅಡುಗೆ ಚೀಲಕ್ಕೆ ನೇತಾಡುತ್ತಿತ್ತು.

ಅವನು ಫೋಟೊ ನೋಡಲೇ ಇಲ್ಲ ಎನ್ನುವ ಹಾಗೆ ಮಡಿಸಿ ನನ್ನ ಕೈಗೆ ಕೊಟ್ಟ.

"ಮೇಡಂ, ನೀವು ಒಳ್ಳೆಯವರು. ಅವಳು ನಿಮ್ಮನ್ನ ಕರ್ಕೊಂಡು ಬಂದಿದ್ದು ಅಪ್ಪನ್ನ ಉಳಿಸ್ಲಿ ಅಂತ. ಅಪ್ಪ ಉಳಿಯೋದು ಹೇಗೆ ಅಂತ ಅಪ್ಪನಿಗೆ ಬಿಡಿ."

ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಬಂದ, ತೊಡೆಯವರೆಗೂ ಕೆಸರು. "ಮೇಡಂ, ಕಿವುಡನಂತೆ?"

"ಕಿವಿ ವಿಷಯ ಆಮೇಲೆ ಸಾರ್," ಎಂದ ಗಡಿಯಾರ ಎದ್ದು ನಿಂತು. "ಪೇಪರ್ ಕೊಡಿ. ಗೊತ್ತಿದ್ದೇ ಬಿಟ್ಟು ಬಂದೆ ಅಂತ ಬರ್ಕೊಡ್ತೀನಿ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ನಮ್ಮ ಇಲಾಖೆ. ಇನ್ಸ್‌ಪೆಕ್ಟರ್ ಮರುಮಾತಿಲ್ಲದೆ ಪೇಪರ್ ತೆಗೆದ. ಅವನ ಪೆನ್ನು ಚಳಿಗೆ ಬರೆಯಲಿಲ್ಲ. ಕಾನ್‌ಸ್ಟೇಬಲ್‌ನದೂ ಬರೆಯಲಿಲ್ಲ. ಗಡಿಯಾರ ನನ್ನ ಮೇಲ್ಜೇಬಿನ ಪೆನ್ಸಿಲಿನ ಕಡೆ ನೋಡಿದ. "ಸದ್ಯಕ್ಕೆ ಅದರಲ್ಲೇ ಬರೀಲಿ, ಕೆಳಗೆ ಹೋಗಿ ಸರಿಯಾಗಿ ಬರೆಸೋಣ," ಎಂದ ಇನ್ಸ್‌ಪೆಕ್ಟರ್.

ಇನ್ನೊಂದು ಸುಳ್ಳು ತಪ್ಪೊಪ್ಪಿಗೆಗೆ ನಾನೇ ಪೆನ್ಸಿಲ್ ಕೊಟ್ಟೆ. ಕೊಡಲ್ಲ ಅಂದಿದ್ದರೆ ಯಾಕೆ ಎಂದು ಹೇಳಬೇಕಿತ್ತು.

ಗಡಿಯಾರ ಬಂಡೆಯ ಮೇಲೆ ನಮಗೆ ಬೆನ್ನು ಹಾಕಿ ಕೂತು ಬರೆಯತೊಡಗಿದ. ಇನ್ಸ್‌ಪೆಕ್ಟರ್ ಕಾಲು ತೊಳೆಯಲು ನೀರಿಗಿಳಿದ. ಮಗಳು ಚಹಾ ತಂದು ನನ್ನ ಪಕ್ಕ, ಅಪ್ಪನ ಹಿಂದೆ ನಿಂತಳು. ಪಿಸುಗುಟ್ಟುವ ಅಗತ್ಯವಿರಲಿಲ್ಲ.

"ಎರಡು ತಟ್ಟಿದೆ ಮೇಡಂ."

"ಗೊತ್ತು."

"ಒಂದು ಗಂಟೆ ಹಿಂದೆ ಉಳೀಲಿ, ಸ್ವಲ್ಪ ಹೆದರ್ಲಿ, ಆಮೇಲೆ ನಾನೇ ಹೋಗಿ ಕರ್ಕೊಂಡು ಬರೋದು, ಕಾಗದ ಹಾಕಬೇಡಿ ಅಂತ ಕಾಲು ಹಿಡಿಯೋದು ಅಂದ್ಕೊಂಡಿದ್ದೆ. ಅಪ್ಪನಿಗೆ ಈ ಬೆಟ್ಟ ಬಿಟ್ರೆ ಬೇರೇನಿದೆ?"

"ಹೋದ್ಯಾ?"

"ಹೋದೆ. ಅಪ್ಪ ದೊಡ್ಡ ದಾರೀಲಿ ಹುಡುಕ್ತಿದ್ರು, ನಾನು ಕಾಡಿನ ಒಳದಾರೀಲಿ ಬಂದೆ. ದಾರಿ ತಪ್ಪಿ ಆ ಮರದ ಹತ್ತಿರ ಕೂತಿದ್ರು. ಬದುಕಿದ್ರು ಮೇಡಂ. ನನ್ನ ಬಾಟಲಿ ಕೊಟ್ಟೆ, ಬ್ಯಾಗಲ್ಲಿಡೋಕೆ ಹೋದ್ರು, ಹಾಗಲ್ಲ ಅಂತ ತಲೆಕೆಳಗೆ ಇಟ್ಟೆ. ಎದ್ದು ನಿಂತು ನನಗೆ ಬೈದ್ರು. ಎದ್ದು ನಿಂತ್ರು. ಕಾಲು ನೆಟ್ಟಗಿತ್ತು."

ನನ್ನ ಕೈಯಲ್ಲಿದ್ದ ಲೋಟ ಸುಡುತ್ತಿತ್ತು, ಕೆಳಗಿಡಲು ತೋಚಲಿಲ್ಲ.

"ಹಾಗಾದ್ರೆ ಬಿಟ್ಟು ಯಾಕೆ ಬಂದೆ?"

"ನಾನೊಬ್ಬಳೇ ಹೋಗಿರಲಿಲ್ಲ. ನೀನು ಹೋಗು, ಬೈಗಳು ತಿನ್ನಬೇಡ, ನಾನು ಸಮಾಧಾನ ಮಾಡಿ ಕರ್ಕೊಂಡು ಬರ್ತೀನಿ ಅಂದ್ರು..."

"ಚಹಾ ನಮಗೂ ಉಂಟೋ, ಮೇಡಂಗೆ ಮಾತ್ರವೋ?"

ಗುತ್ತಿಗೆದಾರ ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದನೋ ಗೊತ್ತಿಲ್ಲ. ನನ್ನ ಕಣ್ಣು ಅವನ ಕಾಲಿನ ಮೇಲೆ ಬಿತ್ತು. ಈಗ ತಾನೇ ಎರಡನೇ ಸಲ ಆ ಮರದವರೆಗೆ ಓಡಿ ಬಂದಿದ್ದ. ಬೇರುಗಳ ಮೇಲೇ ಹೆಜ್ಜೆಯಿಟ್ಟು ಹೋಗುವ ದಾರಿಯೊಂದಿರಬೇಕು, ಯಾರೋ ಮುಂದೆ ನಡೆದು ತೋರಿಸಿದ್ದರೆ ಮಾತ್ರ ತಿಳಿಯುವಂಥದ್ದು. ಆಚೆ ದಡವನ್ನೇ ನೋಡಿಲ್ಲ ಎಂದು ಹೇಳಿಕೆ ಕೊಟ್ಟವನ ಶೂ ಎರಡೂ ಒಣಗಿದ್ದವು. ನಾನು ನೋಡಿದ್ದನ್ನು ಅವನೂ ನೋಡಿದ. ಚಹಾ ಕುಡಿಯದೆಯೇ ಲೋಟ ಕೆಳಗಿಟ್ಟ.

"ಆಯ್ತು," ಎಂದು ಗಡಿಯಾರ ಪೇಪರ್ ಮಡಿಸಿ ಎದ್ದ. "ಮಂಜು ಬರ್ತಿದೆ. ಈಗ ಹೊರಟ್ರೆ ನಾಲ್ಕಕ್ಕೆ ತಂಗುಮನೆ."

ಸಾಲು ಕಟ್ಟಿದೆವು. ಮುಂದೆ ಗಡಿಯಾರ, ಅವನ ಬೆನ್ನಿಗೆ ಮಗಳು, ಆಮೇಲೆ ನಾನು, ಇನ್ಸ್‌ಪೆಕ್ಟರ್, ಕಾನ್‌ಸ್ಟೇಬಲ್. "ನಾನು ಈ ಸಲ ಕೊನೇಲಿ ಬರ್ತೀನಿ," ಎಂದ ಗುತ್ತಿಗೆದಾರ. ನಾನು ಬಾಯಿ ತೆರೆಯುವ ಮೊದಲೇ ಸಾಲು ಹೊರಟಿತ್ತು. ಇನ್ಸ್‌ಪೆಕ್ಟರಿಗೆ ಹೇಳಬೇಕೆಂದರೆ ಮೊದಲು ಎರಡನೇ ತಟ್ಟಿನ ವಿಷಯ ಹೇಳಬೇಕು. ಹೇಗೆ ಶುರು ಮಾಡಲಿ ಎಂದು ಯೋಚಿಸುತ್ತಲೇ ಮೂರು ತಿರುವು ಇಳಿದೆ. ಮೂರು ಸಲವೂ ನಾಲ್ಕೂ ಅಂಕಿ ಬಂದವು.

ಇಳಿಜಾರಿನ ನಾಲ್ಕನೇ ತಿರುವಿನಲ್ಲಿ ಮಂಜು ಕಾಡನ್ನು ಪೂರ್ತಿ ನುಂಗಿತು. ಗಡಿಯಾರ ಕೈ ಎತ್ತಿದ.

"ಒಂದು," ಅಂದೆ.

"ಎರಡು," ಅಂದ ಇನ್ಸ್‌ಪೆಕ್ಟರ್, ದಾರಿಯಿಂದ ಕಣ್ಣೆತ್ತದೆ.

"ಮೂರು," ಅಂದ ಕಾನ್‌ಸ್ಟೇಬಲ್.

ಇಬ್ಬರೂ ತಮ್ಮ ಅಂಕಿ ಹೇಳಿ ಸುಮ್ಮನಾದರು. ಎಲೆಗಳಿಂದ ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಹಿಂದಿನಿಂದ ಏನೂ ಬರಲಿಲ್ಲ.

ಮಗಳು ಮೂರು ಸಲ ತಟ್ಟಿದಳು. ಕೋಲು ನಾಲ್ಕನೇ ಸಲ ಮೇಲೆದ್ದು ಅಪ್ಪನ ಬೆನ್ನಿಗಿಂತ ಒಂದು ಗೇಣು ಮೇಲೆ ನಿಂತಿತು. ಅವಳು ತಿರುಗಿ ನನ್ನ ಮುಖ ನೋಡಿದಳು.

ನಾಲ್ಕು ಬಂದಿಲ್ಲ ಎಂದು ನಾನು ಕೂಗಬೇಕಿತ್ತು. ಕೂಗಲಿಲ್ಲ.